ಒಂದೇ ವಿಳಾಸದ ಎರಡು ಮನೆಗಳು



ಮನೆಯಲ್ಲಿ ಯಾವುದಾದರೊಂದು ಯಂತ್ರವು ಕೆಟ್ಟು ನಿಂತಾಗ ಗೃಹಸ್ಥನು ಮಾಡುವ ಮೊದಲನೆಯ ಕೆಲಸವೆಂದರೆ ಅದನ್ನು ತಟ್ಟುವುದು. ಎರಡನೆಯದು, ಆರಿಸಿ ಮತ್ತೆ ಹಾಕುವುದು. ಮೂರನೆಯದು, ನೆರೆಮನೆಯ ಹುಡುಗನನ್ನು ಕರೆಯುವುದು. ಈ ಮೂರರಿಂದಲೂ ಆಗದಿದ್ದರೆ ಕಂಪೆನಿಯವರನ್ನೋ ಕಾಲವನ್ನೋ ದೂಷಿಸುತ್ತ ಕುಳಿತುಕೊಳ್ಳುವುದು. ದೋಷವು ಎಲ್ಲಿದೆಯೆಂದು ಕ್ರಮವಾಗಿ ವಿಚಾರಿಸುವ ಪದ್ಧತಿಯು ನಮ್ಮಲ್ಲಿ ವಿರಳವಾಗಿದೆ. ನಾನೂ ಈ ಮಾತಿಗೆ ಹೊರತಾದವನಲ್ಲ. ಕಳೆದ ಆಷಾಢಮಾಸದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವು ನನಗೆ ಈ ವಿಷಯದಲ್ಲಿ ತಕ್ಕ ಪಾಠವನ್ನು ಕಲಿಸಿತು. ಮನೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡುವವರು ಈಗ ಅನೇಕ ಕುಟುಂಬಗಳಲ್ಲಿ ಇರುವುದರಿಂದ, ಆ ಪಾಠವು ವಾಚಕರಿಗೂ ಉಪಯೋಗಕ್ಕೆ ಬಂದೀತೆಂದು ಈ ತಿಂಗಳು ಅದನ್ನೇ ಬರೆಯುತ್ತೇನೆ.

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಮಳೆ ಹಿಡಿಯಿತೆಂದರೆ ಹಿತ್ತಲಿನ ಹಾಸುಗಲ್ಲುಗಳ ಮೇಲೆ ಪಾಚಿ ಕಟ್ಟುವುದು. ಅಂತಹ ಪಾಚಿಯ ಮೇಲೆ ಕಾಲಿಟ್ಟು ನನ್ನ ಪತ್ನಿಯು ಜಾರಿಬಿದ್ದಳು. ತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಕರೆತಂದ ಮೇಲೆ, ಆರು ವಾರಗಳ ಕಾಲ ಆ ಕಾಲಿನ ಮೇಲೆ ಭಾರ ಹಾಕಕೂಡದೆಂದು ವೈದ್ಯರು ವಿಧಿಸಿದರು. ಹೆಂಗಸಿನ ಶುಶ್ರೂಷೆಯಲ್ಲಿ ನನ್ನಂತಹ ಗಂಡಸಿನಿಂದ ಆಗುವ ಕೆಲಸಗಳು ಕೆಲವು; ಆಗದ ಕೆಲಸಗಳು ಅನೇಕ. ಬೆಂಗಳೂರಿನಲ್ಲಿರುವ ಸೊಸೆಯು ನಾವು ಕರೆಯುವುದಕ್ಕೆ ಮೊದಲೇ ತಾನಾಗಿ ಹೊರಟುಬಂದಳು.

ಆಕೆಯು ಲೆಕ್ಕಪತ್ರಗಳ ಒಂದು ಸಣ್ಣ ಕಚೇರಿಯಲ್ಲಿ ಉದ್ಯೋಗದಲ್ಲಿದ್ದಾಳೆ. ವ್ಯಾಪಾರಿಗಳ ಜಿ.ಎಸ್.ಟಿ. ಲೆಕ್ಕಗಳನ್ನು ಸಿದ್ಧಪಡಿಸಿ ಸಲ್ಲಿಸುವುದು ಅಲ್ಲಿಯ ಕೆಲಸ. ತಿಂಗಳು ತಿಂಗಳೂ ಲೆಕ್ಕ ಒಪ್ಪಿಸುವ ವ್ಯಾಪಾರಿಗಳ 3ಬಿ ಎಂಬ ಪತ್ರವು ಮರುತಿಂಗಳ 20ನೆಯ ತಾರೀಖಿನೊಳಗೆ ಸಲ್ಲಬೇಕು. ತಪ್ಪಿದರೆ ದಿನಕ್ಕೆ ಇಷ್ಟೆಂದು ವಿಳಂಬ ಶುಲ್ಕ, ಉಳಿದ ತೆರಿಗೆಗೆ ಬಡ್ಡಿ. ಕಚೇರಿಯ ಯಜಮಾನರು ಸಜ್ಜನರು. “ಅತ್ತೆಯವರನ್ನು ನೋಡಿಕೊಂಡು ಅಲ್ಲಿಂದಲೇ ಕೆಲಸಮಾಡಮ್ಮ. ಆದರೆ 20ನೆಯ ತಾರೀಖು ಮಾತ್ರ ತಪ್ಪಕೂಡದು. ಅಲ್ಲಿಂದ ಆಗುವುದಿಲ್ಲವೆಂದಾದರೆ 19ರ ಬೆಳಗ್ಗೆ ನೀನು ಇಲ್ಲಿರಬೇಕಾಗುತ್ತದೆ” ಎಂದು ಹೇಳಿ ಕಳುಹಿಸಿದ್ದರು. ಆಕೆ ನಮ್ಮ ಮನೆಗೆ ಬಂದುದು 16ನೆಯ ತಾರೀಖಿನ ಬೆಳಗ್ಗೆ.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ವ್ಯಾಪಾರಿಗಳ ಲೆಕ್ಕಪುಸ್ತಕಗಳು ಕಚೇರಿಯ ಕಂಪ್ಯೂಟರಿನಲ್ಲಿಯೇ ಇರತಕ್ಕವು. ಪ್ರತಿಮಾಡಿ ಹೊರಗೆ ಒಯ್ಯಲು ಅನುಮತಿಯಿಲ್ಲ. ಆದುದರಿಂದ ಆಕೆಯು ತನ್ನ ಲ್ಯಾಪ್‌ಟಾಪಿನ ಮುಂದೆ ಕುಳಿತು, ಕಚೇರಿಯ ಕಂಪ್ಯೂಟರನ್ನು ದೂರದಿಂದಲೇ ನಡೆಸುತ್ತಾಳೆ. ಇದಕ್ಕೆ ಎರಡು ಮೆಟ್ಟಿಲುಗಳುಂಟು. ಮೊದಲನೆಯದು ವಿ.ಪಿ.ಎನ್. ಎಂಬುದು. ಎಲ್ಲರೂ ಓಡಾಡುವ ಇಂಟರ್‌ನೆಟ್ಟಿನ ಹಾದಿಯಲ್ಲಿಯೇ ಮನೆಗೂ ಕಚೇರಿಗೂ ನಡುವೆ ಇದು ಗೂಢಲಿಪಿಯ ಸುರಂಗವೊಂದನ್ನು ಕಟ್ಟುತ್ತದೆ. ಒಳಗೆ ಏನು ಹೋಗುತ್ತಿದೆಯೆಂಬುದು ಹೊರಗಿನವರಿಗೆ ಓದಲು ಬಾರದು. ಎರಡನೆಯದು ರಿಮೋಟ್ ಡೆಸ್ಕ್‌ಟಾಪ್ ಎಂಬ ಸೌಕರ್ಯ. ಸುರಂಗದ ಮೂಲಕ ಅಲ್ಲಿಯ ಪರದೆಯ ಚಿತ್ರವು ಇಲ್ಲಿಗೆ ಬರುತ್ತದೆ. ಇಲ್ಲಿ ಒತ್ತಿದ ಕೀಲಿಗಳು ಅಲ್ಲಿಗೆ ಹೋಗುತ್ತವೆ. ಪುಸ್ತಕವು ಇದ್ದ ಸ್ಥಳದಿಂದ ಕದಲುವುದಿಲ್ಲ. ಬರೆಯುವ ಕೈ ಮಾತ್ರ ಉದ್ದವಾಗುತ್ತದೆ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತ ಕಾಲದಿಂದ ಆಕೆಯು ಬೆಂಗಳೂರಿನ ತನ್ನ ಮನೆಯಿಂದ ಹೀಗೆಯೇ ಆಗಾಗ ಕೆಲಸ ಮಾಡಿದವಳು. ಒಂದು ದಿನವೂ ತೊಡಕಾಗಿರಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಅದು ನಡೆಯಲೊಲ್ಲದು. ವಿ.ಪಿ.ಎನ್. ಕೂಡಿಕೊಂಡಿತೆಂದು ಪರದೆಯ ಮೇಲೆ ಹಸಿರು ಗುರುತು ಮೂಡುವುದು. ಆದರೆ ಕಚೇರಿಯ ಕಂಪ್ಯೂಟರನ್ನು ಕರೆದೊಡನೆ, ಸ್ವಲ್ಪ ಹೊತ್ತು ತಿರುಗಿ, ಅಂತಹ ಕಂಪ್ಯೂಟರೇ ಸಿಕ್ಕಲಿಲ್ಲವೆಂಬ ಉತ್ತರ ಬರುವುದು. ಸುರಂಗವಿದೆ, ಸುರಂಗದ ಆಚೆ ಮನೆಯಿಲ್ಲ! ಆಕೆಯು ಕಚೇರಿಗೆ ಫೋನು ಮಾಡಿ ವಿಚಾರಿಸಿದಳು. ಅಲ್ಲಿಯ ಕಂಪ್ಯೂಟರು ದೀಪ ಉರಿಸಿಕೊಂಡು ಎಚ್ಚರವಾಗಿಯೇ ಇದ್ದಿತು. ನಮ್ಮ ರೌಟರನ್ನು ಆರಿಸಿ ಹಾಕಿದೆವು. ಲ್ಯಾಪ್‌ಟಾಪನ್ನು ಆರಿಸಿ ಹಾಕಿದೆವು. ಫಲವಿಲ್ಲ. ಒಂದು ಕಡೆ ಅತ್ತೆಗೆ ಔಷಧದ ವೇಳೆ, ಇನ್ನೊಂದು ಕಡೆ ಈ ತಿರುಗುವ ಚಕ್ರ. ಇವುಗಳ ನಡುವೆ ಆಕೆಯ ಮೊದಲನೆಯ ದಿನವು ಕಳೆಯಿತು.

ಮರುದಿನ ನಾನು ಉಪಕಾರ ಮಾಡಹೊರಟೆನು. ನೆರೆಮನೆಯ ಹುಡುಗನೊಬ್ಬನು ಕಂಪ್ಯೂಟರಿನ ವಿದ್ಯಾರ್ಥಿ, ಬುದ್ಧಿವಂತ. “ಮೇಷ್ಟ್ರೇ, ರೌಟರಿನಲ್ಲಿ ಪೋರ್ಟು ತೆರೆಯದೆ ರಿಮೋಟ್ ಡೆಸ್ಕ್‌ಟಾಪ್ ಹೇಗೆ ನಡೆದೀತು? 3389ನ್ನು ತೆರೆಯಬೇಕು” ಎಂದನು. ಪೋರ್ಟೆಂದರೆ ರೌಟರಿನಲ್ಲಿರುವ ಸಂಖ್ಯೆಯುಳ್ಳ ಬಾಗಿಲುಗಳಲ್ಲೊಂದು. ರಿಮೋಟ್ ಡೆಸ್ಕ್‌ಟಾಪಿಗೆ ರೂಢಿಯಾಗಿ ಸಲ್ಲುವ ಬಾಗಿಲು 3389ನೆಯದು. ಸೊಸೆಯು ಒಳಗೆ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ನಾನು ಆಕೆಯನ್ನು ಕೇಳದೆಯೇ ಒಪ್ಪಿಗೆ ಕೊಟ್ಟೆನು, ಹುಡುಗನು ತೆರೆದನು. ಕಂಪ್ಯೂಟರು ಮೊದಲಿನಂತೆಯೇ ಮೌನವಾಗಿದ್ದಿತು. ರಾತ್ರಿ ರೌಟರಿನ ಪುಟವನ್ನು ತೆರೆದು ನೋಡಿದ ಸೊಸೆಯ ಮುಖ ಗಂಭೀರವಾಯಿತು. “ಮಾವ, ಈ ಬಾಗಿಲನ್ನು ತೆರೆದವರು ಯಾರು?” ಎಂದು ಕೇಳಿದಳು. ನಾನು ಒಪ್ಪಿಕೊಂಡೆನು. ಆಕೆಯು ಬೇಸರಪಡದೆ ಮೊದಲು ಅದನ್ನು ಮುಚ್ಚಿ, ಆಮೇಲೆ ಕಾರಣವನ್ನು ತಿಳಿಸಿದಳು.

ರೌಟರೆಂಬುದು ಮನೆಯ ಹೊರಬಾಗಿಲಲ್ಲಿ ಕುಳಿತ ಪಾರುಪತ್ಯಗಾರನಂತೆ. ಒಳಗಿನಿಂದ ಯಾರಾದರೂ ಹೊರಗೆ ಕಾಗದ ಬರೆದರೆ ಅವನು ಅದನ್ನು ತನ್ನ ವಹಿಯಲ್ಲಿ ಗುರುತುಹಾಕಿಕೊಂಡು, ಮನೆಗೆಲ್ಲ ಒಂದೇ ಆಗಿರುವ ಹೊರವಿಳಾಸದಿಂದ ಕಳುಹಿಸುತ್ತಾನೆ. ಉತ್ತರ ಬಂದಾಗ ವಹಿಯನ್ನು ನೋಡಿ, ಬರೆದವರಿಗೇ ಮುಟ್ಟಿಸುತ್ತಾನೆ. ಕರೆಯದೆ ಬಂದ ಅಪರಿಚಿತನನ್ನು ಒಳಗೆ ಬಿಡುವುದಿಲ್ಲ. ಸೊಸೆಯು ಮಾಡುತ್ತಿದ್ದುದು ಒಳಗಿನಿಂದ ಹೊರಗೆ ಹೋಗುವ ಕೆಲಸ. ಅದಕ್ಕೆ ನಮ್ಮ ಮನೆಯ ಯಾವ ಬಾಗಿಲನ್ನೂ ತೆರೆಯಬೇಕಾಗಿರಲಿಲ್ಲ. ಹೊರಗಿನವರು ನಮ್ಮ ಕಂಪ್ಯೂಟರಿಗೆ ಬರಬೇಕಾದಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಇಂಟರ್‌ನೆಟ್ಟಿನಲ್ಲಿ 3389ನೆಯ ಬಾಗಿಲು ಯಾವ ಯಾವ ಮನೆಯಲ್ಲಿ ತೆರೆದಿದೆಯೆಂದು ಹಗಲಿರುಳು ತಟ್ಟಿ ನೋಡುತ್ತಿರುವ ಕಳ್ಳಯಂತ್ರಗಳಿವೆ. ರಿಮೋಟ್ ಡೆಸ್ಕ್‌ಟಾಪಿನ ಹಳೆಯ ಆವೃತ್ತಿಗಳಲ್ಲಿದ್ದ ‘ಬ್ಲೂಕೀಪ್’ ಎಂಬ ದೋಷವು 2019ರ ಮೇ ತಿಂಗಳಲ್ಲಿ ಪ್ರಕಟವಾದಾಗ, ಮೈಕ್ರೋಸಾಫ್ಟಿನವರು ತಾವು ಎಂದೋ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ತಿದ್ದುಪಡಿಯನ್ನು ಹೊರಡಿಸಬೇಕಾಯಿತು. ರಹಸ್ಯಪದವೇ ಇಲ್ಲದೆ ಒಳನುಗ್ಗಲು ಅವಕಾಶಕೊಡುವಂತಹ ದೋಷವದು. ಹೀಗಿರಲು, ಬೀಗ ತೆರೆಯುತ್ತಿಲ್ಲವೆಂದು ಗೋಡೆಯನ್ನೇ ಒಡೆದವನಂತೆ ನಾನು ವರ್ತಿಸಿದ್ದೆನು; ಅದೂ ನಮ್ಮ ಮನೆಯ ಗೋಡೆ!

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಈ ಪುಟದಲ್ಲಿ ಮುಚ್ಚುಮರೆ ಮಾಡುವುದಿಲ್ಲ. ಬೆಂಗಳೂರಿನಲ್ಲಿ ನಡೆಯುವುದು ಇಲ್ಲಿ ಏಕೆ ನಡೆಯದು? ಸೊಸೆಗೆ ಇಲ್ಲಿ ಇರಲು ಮನಸ್ಸಿಲ್ಲವೇನೋ ಎಂಬ ಸಂಶಯವು ಕ್ಷಣಕಾಲ ನನ್ನ ಮನಸ್ಸಿನಲ್ಲಿ ಸುಳಿಯಿತು. 18ರ ಬೆಳಗ್ಗೆ ನನ್ನ ಪತ್ನಿಯೇ ಆಕೆಯನ್ನು ಹತ್ತಿರ ಕರೆದು, “ನೀನು ಹೊರಡಮ್ಮ. ಕೆಲಸಕ್ಕೆ ಕುಂದು ತಂದುಕೊಳ್ಳಬೇಡ. ನಾವು ಹೇಗೋ ನಿಭಾಯಿಸುತ್ತೇವೆ” ಎಂದಳು. ಹಾಗೆಂದವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಸೊಸೆಯು ಮಾತನಾಡಲಿಲ್ಲ, ಆ ರಾತ್ರಿಯ ಬಸ್ಸಿಗೆ ಟಿಕೆಟ್ಟು ಮಾಡಿಸಿ, ಅಡುಗೆಯ ಮನೆಗೆ ಹೋಗಿ ನಾಲ್ಕು ದಿನಕ್ಕೆ ಆಗುವಷ್ಟು ಸಾರಿನ ಪುಡಿಯನ್ನು ಹುರಿದು ಕುಟ್ಟತೊಡಗಿದಳು. ಅದನ್ನು ನೋಡಿದ ಮೇಲೆ ನನ್ನ ಸಂಶಯದ ವಿಷಯದಲ್ಲಿ ನನಗೇ ಹೇಸಿಗೆಯಾಯಿತು.

ಆಗ ನನಗೆ ಹೊಳೆದ ವಿಚಾರವೇನೂ ಹೊಸತಲ್ಲ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರೆಲ್ಲ ಬಲ್ಲದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ಶಾಸ್ತ್ರಕಾರನು ಎರಡು ಉದಾಹರಣೆಗಳನ್ನು ಕೊಡುತ್ತಾನೆ. ಅಡುಗೆಯ ಮನೆಯಲ್ಲಿ ಹೊಗೆಯೂ ಉಂಟು, ಬೆಂಕಿಯೂ ಉಂಟು, ಇದು ಅನ್ವಯ. ಮಡುವಿನಲ್ಲಿ ಬೆಂಕಿಯಿಲ್ಲ, ಹೊಗೆಯೂ ಇಲ್ಲ, ಇದು ವ್ಯತಿರೇಕ. ಒಂದಿದ್ದಲ್ಲಿ ಇನ್ನೊಂದು ಇರುವುದನ್ನೂ, ಒಂದಿಲ್ಲದಲ್ಲಿ ಇನ್ನೊಂದು ಇಲ್ಲದಿರುವುದನ್ನೂ ಎರಡನ್ನೂ ನೋಡಿದ ಮೇಲೆಯೇ ಸಂಬಂಧವು ನಿಶ್ಚಯವಾಗುತ್ತದೆ. ಮಕ್ಕಳಿಗೆ ಇದನ್ನು ಎಷ್ಟೋ ವರ್ಷ ಹೇಳಿಕೊಟ್ಟೆ. ಎರಡು ದಿನಗಳಿಂದ ಮಾತ್ರ ತೊಡಕು ಇರುವ ಸ್ಥಳದಲ್ಲಿಯೇ ತಿರುಗುತ್ತಿದ್ದೆ, ತೊಡಕು ಇಲ್ಲದ ಸ್ಥಳವನ್ನು ಹುಡುಕಿರಲಿಲ್ಲ.

ಸೊಸೆಯನ್ನು ಕರೆದು ಕೇಳಿದೆನು: “ಏನಮ್ಮ, ಇದೇ ಲ್ಯಾಪ್‌ಟಾಪು, ಇದೇ ವಿ.ಪಿ.ಎನ್.; ರೌಟರನ್ನು ಮಾತ್ರ ಬಿಟ್ಟು ಬೇರೆ ದಾರಿಯಿಂದ ನೋಡಲು ಸಾಧ್ಯವೆ?” ಸಾಧ್ಯವಿದ್ದಿತು. ಮೊಬೈಲಿನ ಹಾಟ್‌ಸ್ಪಾಟೆಂಬುದು ಇದೆಯಲ್ಲ! ಮಳೆಯಲ್ಲಿ ನಮ್ಮ ಮನೆಯೊಳಗೆ ಮೊಬೈಲಿನ ಸಿಗ್ನಲ್ಲು ದುರ್ಬಲ; ಅದಕ್ಕಾಗಿಯೇ ಆಕೆಯು ಅದನ್ನು ಎಣಿಕೆಗೆ ತಂದುಕೊಂಡಿರಲಿಲ್ಲ. ಇಬ್ಬರೂ ಉಪ್ಪರಿಗೆಯ ಕಿಟಕಿಯ ಬಳಿಗೆ ಹೋದೆವು. ಲ್ಯಾಪ್‌ಟಾಪನ್ನು ಮೊಬೈಲಿಗೆ ಜೋಡಿಸಿದಳು. ವಿ.ಪಿ.ಎನ್. ಕೂಡಿತು. ಕಚೇರಿಯ ಕಂಪ್ಯೂಟರನ್ನು ಕರೆದಳು. ಅದು ತೆರೆಯಿತು! ಕೆಲವು ನಿಮಿಷಗಳಲ್ಲಿ ಸಿಗ್ನಲ್ಲು ಹೋಗಿ ಕಡಿಯಿತಾದರೂ ನಮಗೆ ಬೇಕಾದ ಸಾಕ್ಷಿಯು ದೊರೆತಿತ್ತು.

ಈಗ ವಿಚಾರವು ಸುಲಭವಾಯಿತು. ಕಚೇರಿಯ ಕಂಪ್ಯೂಟರು ಸರಿಯಾಗಿದೆ, ಲ್ಯಾಪ್‌ಟಾಪು ಸರಿಯಾಗಿದೆ, ರಹಸ್ಯಪದವೂ ಅನುಮತಿಯೂ ಸರಿಯಾಗಿವೆ. ಬೆಂಗಳೂರಿನ ಮನೆಯಲ್ಲಿ ನಡೆಯುತ್ತದೆ, ಮೊಬೈಲಿನಲ್ಲಿ ನಡೆಯುತ್ತದೆ, ನಮ್ಮ ರೌಟರಿನಲ್ಲಿ ಮಾತ್ರ ನಡೆಯುವುದಿಲ್ಲ. ಆದರೆ ನಮ್ಮ ರೌಟರೂ ಕೆಟ್ಟಿಲ್ಲ. ಅದರ ಮೂಲಕವೇ ಸುರಂಗವು ಕೂಡಿಕೊಳ್ಳುತ್ತಿದೆಯಷ್ಟೆ. ಹಾಗಾದರೆ ಈ ಮೂರು ಸ್ಥಳಗಳಲ್ಲಿ ಭೇದವಾವುದು? ಸೊಸೆಯು ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಹಲಗೆಯನ್ನು ತೆರೆದು, ಐಪಿಕಾನ್ಫಿಗ್ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದಳು. ಲ್ಯಾಪ್‌ಟಾಪಿಗೆ ಸದ್ಯದಲ್ಲಿ ಯಾವ ವಿಳಾಸ ಕೊಡಲ್ಪಟ್ಟಿದೆಯೆಂಬುದನ್ನು ಅದು ಹೇಳುತ್ತದೆ. ಮೊಬೈಲಿನಲ್ಲಿದ್ದಾಗ 192.168.43 ಎಂದು ಆರಂಭವಾಗುತ್ತಿದ್ದಿತು. ಬೆಂಗಳೂರಿನ ಮನೆಯದು 192.168.0 ಎಂದು ಮಗನು ಫೋನಿನಲ್ಲಿ ನೋಡಿ ಹೇಳಿದನು. ನಮ್ಮ ರೌಟರಿನಲ್ಲಿ 192.168.1.5 ಎಂದು ಬಂದಿತು. ಆಕೆಯು ತನ್ನ ಟಿಪ್ಪಣಿಯ ಪುಸ್ತಕವನ್ನು ತೆರೆದು ಕಚೇರಿಯ ಕಂಪ್ಯೂಟರಿನ ವಿಳಾಸವನ್ನು ನೋಡಿದಳು: 192.168.1.20. ಒಂದು ಕ್ಷಣ ಸುಮ್ಮನಿದ್ದು, “ಅಯ್ಯೋ ಮಾವ, ಎರಡು ಮನೆಗೂ ಒಂದೇ ವಿಳಾಸ!” ಎಂದು ನಕ್ಕುಬಿಟ್ಟಳು.

ಇದರ ಅರ್ಥವೇನೆಂಬುದನ್ನು ಒಂದು ದೃಷ್ಟಾಂತದಿಂದ ಹೇಳುತ್ತೇನೆ. ನಮ್ಮ ಊರಿನಲ್ಲಿ ‘ದೊಡ್ಡಮನೆ’ ಎಂಬ ಮನೆಯಿದೆ; ದೂರದ ಇನ್ನೊಂದು ಊರಿನಲ್ಲಿಯೂ ‘ದೊಡ್ಡಮನೆ’ಯಿದೆ. ಆ ದೂರದ ಮನೆಗೆಂದು ನೀವು ಕಾಗದ ಬರೆದು, ಊರಿನ ಹೆಸರಿಲ್ಲದೆ ‘ದೊಡ್ಡಮನೆ’ ಎಂದಷ್ಟೇ ಮೇಲೆ ಬರೆದರೆ ಏನಾಗುತ್ತದೆ? ಅಂಚೆಯವನು ಅದನ್ನು ಹೊರಗೆ ಹೋಗುವ ಚೀಲಕ್ಕೆ ಹಾಕುವುದೇ ಇಲ್ಲ. ನಮ್ಮ ಬೀದಿಯಲ್ಲಿಯೇ ಹುಡುಕುತ್ತಾನೆ. ಲ್ಯಾಪ್‌ಟಾಪೂ ಹಾಗೆಯೇ ಮಾಡುತ್ತಿದ್ದಿತು. 192.168.1 ಎಂದು ಆರಂಭವಾಗುವ ವಿಳಾಸವೆಲ್ಲ ತನ್ನ ಬೀದಿಯದೇ ಎಂದು ಭಾವಿಸಿ, 20ನೆಯ ಮನೆಯವರು ಯಾರೆಂದು ನಮ್ಮ ಮನೆಯೊಳಗೇ ಕೂಗುತ್ತಿದ್ದಿತು. ಯಾರೂ ಓಗೊಡಲಿಲ್ಲ, ಸಿಕ್ಕಲಿಲ್ಲವೆಂದು ವರದಿ ಕೊಟ್ಟಿತು. ಪಕ್ಕದಲ್ಲಿಯೇ ತೆರೆದುಕೊಂಡಿದ್ದ ಸುರಂಗದ ಕಡೆಗೆ ಆ ಕಾಗದವು ಹೋಗಲೇ ಇಲ್ಲ. ಕಂಪ್ಯೂಟರಿನ ಹೆಸರಿನಿಂದ ಕರೆದರೂ ಅಷ್ಟೆ. ಹೆಸರು ಕೊನೆಗೆ ಆ ಸಂಖ್ಯೆಯಾಗಿಯೇ ಮಾರ್ಪಡುತ್ತದೆ.

ಎರಡು ಮನೆಗಳಿಗೆ ಒಂದೇ ವಿಳಾಸ ಕೊಡುವ ಅವಿವೇಕವನ್ನು ಯಾರು ಮಾಡಿದರೆಂದು ವಾಚಕರು ಕೇಳಬಹುದು. ಅದು ಅವಿವೇಕವಲ್ಲ, ಮಿತವ್ಯಯ. 1981ರಲ್ಲಿ ನಿರ್ಣಯವಾದ ಇಂಟರ್‌ನೆಟ್ ವಿಳಾಸಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಇಂದು ಪ್ರಪಂಚದ ಜನಸಂಖ್ಯೆಯೇ 800 ಕೋಟಿಯನ್ನು ಮೀರಿದೆ. ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರಗಳು. ಈ ಕೊರತೆಯನ್ನು ಮುಂಗಂಡ ತಜ್ಞರು 1994ರಲ್ಲಿ ಮೂರು ಗುಂಪುಗಳ ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದು ಮೀಸಲಿಟ್ಟರು: 10ರಿಂದ ಆರಂಭವಾಗುವವು, 172.16ರಿಂದ 172.31ರ ವರೆಗಿನವು, 192.168ರಿಂದ ಆರಂಭವಾಗುವವು. ಇವು ಹೊರಗೆ ಸಲ್ಲವು. ಒಳಗೆ ಯಾರು ಬೇಕಾದರೂ ಬಳಸಿಕೊಳ್ಳಬಹುದು. ಪ್ರತಿ ಮನೆಯಲ್ಲಿಯೂ ‘ಅಜ್ಜಿ’ ಎಂಬವರಿದ್ದರೂ ಗೊಂದಲವಾಗದಂತೆ ಇದೂ ನಡೆದುಕೊಂಡು ಬಂದಿದೆ. ಮೂಲ ವಿಳಾಸಗಳ ಕೊನೆಯ ಕಟ್ಟುಗಳು 2011ರ ಫೆಬ್ರವರಿ 3ರಂದು ಪ್ರಪಂಚದ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದುವು. ಇನ್ನು, ರೌಟರನ್ನು ತಯಾರಿಸುವವರಲ್ಲಿ ಬಹುಮಂದಿ ಅದರೊಳಗೆ 192.168.0 ಅಥವಾ 192.168.1 ಎಂದು ಮೊದಲೇ ತುಂಬಿಡುತ್ತಾರೆ, ಕೊಂಡವರು ಬದಲಿಸುವುದಿಲ್ಲ. ನಾವೂ ಬದಲಿಸಿರಲಿಲ್ಲ, ಆ ಸಣ್ಣ ಕಚೇರಿಯವರೂ ಬದಲಿಸಿರಲಿಲ್ಲ. ಬೇರೆ ಬೇರೆಯಾಗಿದ್ದಾಗ ಎರಡೂ ನಿರ್ದೋಷ. ಸುರಂಗದಿಂದ ಜೋಡಿಸಿದಾಗಲೇ ದೋಷವು ಹುಟ್ಟಿತು.

ಪರಿಹಾರವು ಹತ್ತು ನಿಮಿಷದ್ದು. ಕಚೇರಿಯ ವಿಳಾಸಗಳನ್ನು ಬದಲಿಸುವುದೆಂದರೆ ಅಲ್ಲಿಯ ಎಲ್ಲರ ಕೆಲಸಕ್ಕೂ ಅಡ್ಡಿ. ಮನೆಯದನ್ನು ಬದಲಿಸುವುದೇ ಸುಲಭ. ವಾಚಕರಿಗೆ ಎಂದಾದರೂ ಬೇಕಾದೀತೆಂದು ಕ್ರಮವನ್ನು ಬರೆಯುತ್ತೇನೆ. ರೌಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸವೂ ಪ್ರವೇಶಪದವೂ ಇರುತ್ತವೆ. ಬ್ರೌಸರಿನಲ್ಲಿ ಆ ವಿಳಾಸವನ್ನು ಬರೆದು ಒಳಗೆ ಹೋಗಬೇಕು. ಏನನ್ನೂ ಮುಟ್ಟುವ ಮೊದಲು, ಇರುವ ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ‘ಲ್ಯಾನ್’ ಎಂಬ ಶೀರ್ಷಿಕೆಯ ಕೆಳಗೆ 192.168.1.1 ಎಂದಿರುವಲ್ಲಿ ಮೂರನೆಯ ಅಂಕೆಯನ್ನು ಮಾತ್ರ ಬದಲಿಸಬೇಕು. ನಾವು 57 ಎಂದು ಮಾಡಿದೆವು. ಎಲ್ಲರೂ ಬಳಸುವ 0, 1 ಬೇಡ. ಯಂತ್ರಗಳಿಗೆ ವಿಳಾಸ ಹಂಚುವ ‘ಡಿ.ಎಚ್.ಸಿ.ಪಿ.’ ಎಂಬ ಭಾಗದಲ್ಲಿಯೂ ಅದೇ ಅಂಕೆ ಬಂದಿದೆಯೇ ಎಂದು ನೋಡಿ ಉಳಿಸಬೇಕು. ಒಡನೆಯೇ ಪುಟವು ಸತ್ತಂತಾಗುತ್ತದೆ. ಹೆದರತಕ್ಕದ್ದಿಲ್ಲ, ರೌಟರಿನ ವಿಳಾಸವೇ ಈಗ 192.168.57.1 ಆಗಿರುತ್ತದೆ. ಲ್ಯಾಪ್‌ಟಾಪು ಮೊಬೈಲುಗಳ ವೈಫೈಯನ್ನು ಆರಿಸಿ ಹಾಕಿದರೆ ಹೊಸ ವಿಳಾಸವನ್ನು ತಾವಾಗಿಯೇ ಪಡೆಯುತ್ತವೆ. ಸ್ಥಿರವಾದ ವಿಳಾಸ ಬರೆದಿಟ್ಟ ಪ್ರಿಂಟರೋ ಕ್ಯಾಮೆರಾವೋ ಇದ್ದರೆ ಅವನ್ನು ಮಾತ್ರ ಕೈಯಿಂದ ತಿದ್ದಬೇಕು. ರೌಟರನ್ನು ಕಂಪೆನಿಯವರು ಬೀಗಹಾಕಿ ಇಟ್ಟಿದ್ದರೆ ಅವರನ್ನೇ ಕೇಳಿ ಬದಲಿಸಿಕೊಳ್ಳತಕ್ಕದ್ದು.

18ರ ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಕಚೇರಿಯ ಪರದೆಯು ನಮ್ಮ ನಡುಮನೆಯ ಮೇಜಿನ ಮೇಲೆ ತೆರೆದುಕೊಂಡಿತು. ಸೊಸೆಯು ಅತ್ತೆಯ ಮಂಚದ ಬಳಿ ಹೋಗಿ ಹೇಳಿದ ಮೊದಲನೆಯ ಮಾತು, “ಟಿಕೆಟ್ಟು ರದ್ದುಮಾಡಿದೆ, ಅತ್ತೆ” ಎಂಬುದು.

ಎಲ್ಲ ಮನೆಗಳಲ್ಲಿಯೂ ಇದೇ ಕಾರಣವಿರಬೇಕೆಂದೇನೂ ಇಲ್ಲ. ಆದುದರಿಂದ ವಿಚಾರಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೊರಗಿನಿಂದ ಒಳಕ್ಕೆ ಒಂದೊಂದೇ ಮೆಟ್ಟಿಲನ್ನು ಪರೀಕ್ಷಿಸತಕ್ಕದ್ದು.

ಒಂದನೆಯದಾಗಿ, ಮನೆಗೆ ಇಂಟರ್‌ನೆಟ್ಟು ಬರುತ್ತಿದೆಯೇ? ಫೈಬರಿನ ಪೆಟ್ಟಿಗೆಯಲ್ಲಿ ಎಲ್.ಓ.ಎಸ್. ಎಂಬ ಕೆಂಪು ದೀಪ ಉರಿದರೆ ತಂತಿಯಲ್ಲಿ ಬೆಳಕೇ ಬರುತ್ತಿಲ್ಲವೆಂದರ್ಥ. ಮನೆಯೊಳಗೆ ಏನು ಮಾಡಿದರೂ ವ್ಯರ್ಥ.

ಎರಡನೆಯದಾಗಿ, ಕಚೇರಿಯ ಕಂಪ್ಯೂಟರು ಎಚ್ಚರವಾಗಿದೆಯೇ? ಕೆಲವು ಹೊತ್ತು ಯಾರೂ ಮುಟ್ಟದಿದ್ದರೆ ತಾನಾಗಿ ನಿದ್ರೆಹೋಗುವಂತೆ ಅನೇಕ ಕಂಪ್ಯೂಟರುಗಳನ್ನು ಏರ್ಪಡಿಸಿರುತ್ತಾರೆ. ನಿದ್ರೆಹೋದುದು ಉತ್ತರ ಕೊಡುವುದಿಲ್ಲ. ಅಲ್ಲಿರುವವರೊಬ್ಬರು ನೋಡಿ ಹೇಳಬೇಕು.

ಮೂರನೆಯದಾಗಿ, ವಿ.ಪಿ.ಎನ್. ಕೂಡುತ್ತಿದೆಯೇ? ಕೂಡದಿದ್ದರೆ ರಹಸ್ಯಪದವನ್ನೂ ಲ್ಯಾಪ್‌ಟಾಪಿನ ಗಡಿಯಾರವನ್ನೂ ನೋಡಿ, ಆಮೇಲೆ ಮೊಬೈಲಿನ ಮೂಲಕ ಪ್ರಯತ್ನಿಸಿರಿ. ಅದರಲ್ಲಿ ಕೂಡಿದರೆ ತೊಡಕು ಮನೆಯ ರೌಟರಿನದು ಅಥವಾ ಇಂಟರ್‌ನೆಟ್ ಕಂಪೆನಿಯದು.

ನಾಲ್ಕನೆಯದಾಗಿ, ವಿ.ಪಿ.ಎನ್. ಕೂಡಿಯೂ ಕಂಪ್ಯೂಟರು ಸಿಕ್ಕದಿದ್ದರೆ, ಹೆಸರಿನ ಬದಲು ಸಂಖ್ಯೆಯ ವಿಳಾಸದಿಂದ ಕರೆದು ನೋಡಿರಿ. ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ, ಹೆಸರನ್ನು ಸಂಖ್ಯೆಯಾಗಿ ಮಾಡಿಕೊಡುವ ಏರ್ಪಾಟಿನಲ್ಲಿ ದೋಷ. ಎರಡಕ್ಕೂ ಓಗೊಡದಿದ್ದರೆ, ನಮಗಾದಂತೆ ವಿಳಾಸಗಳು ಒಂದಾಗಿವೆಯೇ ಎಂದು ಹೋಲಿಸಿರಿ. ‘ಪಿಂಗ್’ ಎಂಬ ಪರೀಕ್ಷೆಗೆ ಉತ್ತರ ಬರಲಿಲ್ಲವೆಂಬುದೊಂದರಿಂದಲೇ ಕಂಪ್ಯೂಟರು ಇಲ್ಲವೆಂದು ನಿರ್ಣಯಿಸಕೂಡದು. ಅದಕ್ಕೆ ಉತ್ತರ ಕೊಡದಂತೆ ತಡೆಯಿರುವುದು ಸಾಮಾನ್ಯ.

ಐದನೆಯದಾಗಿ, ಕಂಪ್ಯೂಟರು ಸಿಕ್ಕಿ ಒಳಗೆ ಬಿಡದಿದ್ದರೆ ಅದು ಅನುಮತಿಯ ಪ್ರಶ್ನೆ. ವಿಂಡೋಸಿನ ‘ಹೋಮ್’ ಆವೃತ್ತಿಯು ರಿಮೋಟ್ ಡೆಸ್ಕ್‌ಟಾಪಿನಿಂದ ಹೊರಗೆ ಹೋಗಬಲ್ಲದು, ಹೊರಗಿನವರನ್ನು ಒಳಗೆ ಬರಮಾಡಿಕೊಳ್ಳಲಾರದು. ‘ಪ್ರೊ’ ಆವೃತ್ತಿಯು ಎರಡನ್ನೂ ಮಾಡುತ್ತದೆ. ಕೊನೆಯದಾಗಿ, ತೆರೆದ ಮೇಲೆ ಆಗಾಗ ನಿಂತುಬಿಟ್ಟರೆ ವೈಫೈಯನ್ನು ಬಿಟ್ಟು ರೌಟರಿಗೆ ತಂತಿಯಿಂದ ಜೋಡಿಸಿ ನೋಡಿರಿ. ಮಣ್ಣಿನ ದಪ್ಪ ಗೋಡೆಗಳ ಮನೆಗಳಲ್ಲಿ ಇದೇ ಬಹುಮಟ್ಟಿಗೆ ಮದ್ದು.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಿ ಮುಗಿಸುತ್ತೇನೆ. ರೌಟರನ್ನು ಆರಿಸಿ ಹಾಕುವುದು ಬೇರೆ. ಹಿಂದಿರುವ ಸಣ್ಣ ರಂಧ್ರದಲ್ಲಿ ಪಿನ್ನನ್ನು ಚುಚ್ಚಿ ಹಿಡಿಯುವುದು ಬೇರೆ. ಎರಡನೆಯದರಿಂದ ಕಂಪೆನಿಯವರು ಬರೆದಿಟ್ಟ ಹೆಸರೂ ರಹಸ್ಯಪದವೂ ಸೇರಿ ಎಲ್ಲವೂ ಅಳಿಸಿಹೋಗಬಹುದು. ಇದ್ದ ಇಂಟರ್‌ನೆಟ್ಟೂ ಇಲ್ಲದಂತಾಗುತ್ತದೆ. ಇನ್ನೊಂದು: ಗಾಬರಿಯಲ್ಲಿರುವಾಗ, ಸಹಾಯ ಮಾಡುತ್ತೇವೆಂದು ಫೋನಿನಲ್ಲಿ ಹೇಳುವ ಅಪರಿಚಿತರ ಮಾತು ಕೇಳಿ, ಪರದೆಯನ್ನು ಅವರ ಕೈಗೆ ಕೊಡುವ ತಂತ್ರಾಂಶವನ್ನು ಹಾಕಿಕೊಳ್ಳಬೇಡಿರಿ. ಇಂತಹ ಮೋಸದ ವಿಷಯದಲ್ಲಿ ರಿಸರ್ವ್ ಬ್ಯಾಂಕು 2019ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮೋಸಹೋದವರು ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಕಚೇರಿಯ ಕಂಪ್ಯೂಟರು ಕಚೇರಿಯ ಸ್ವತ್ತು. ಅದಕ್ಕೆ ಹೊಸ ದಾರಿ ಮಾಡಬೇಕಾದರೆ ಕಚೇರಿಯವರ ಒಪ್ಪಿಗೆಯಿಂದಲೇ ಮಾಡತಕ್ಕದ್ದು.

ಆ ತಿಂಗಳ ಪತ್ರಗಳೆಲ್ಲವೂ 20ರ ಮಧ್ಯಾಹ್ನದೊಳಗೆ ಸಲ್ಲಿದುವು. ಸೊಸೆಯು ಶ್ರಾವಣದವರೆಗೂ ನಮ್ಮಲ್ಲಿಯೇ ಇದ್ದಳು. ನನ್ನ ಪತ್ನಿಯು ವಾಕರನ್ನು ಹಿಡಿದು ಮೊದಲ ಬಾರಿಗೆ ಜಗಲಿಯವರೆಗೆ ನಡೆದ ದಿನ, ಪಕ್ಕದಲ್ಲಿ ಕೈ ಹಿಡಿದವಳು ಆಕೆಯೇ. ಮೂರು ದಿನಗಳಲ್ಲಿ ನಾನು ಕಚೇರಿಯವರನ್ನು ಶಂಕಿಸಿದೆನು, ಇಂಟರ್‌ನೆಟ್ ಕಂಪೆನಿಯವರನ್ನು ಶಂಕಿಸಿದೆನು, ಅರೆಕ್ಷಣ ಮನೆಯ ಮಗಳನ್ನೂ ಶಂಕಿಸಿದೆನು. ತಪ್ಪು ಇವರಲ್ಲಿ ಯಾರದೂ ಆಗಿರಲಿಲ್ಲ. ನನ್ನ ಸಂಶಯವನ್ನು ಆಕೆಗೆ ಇದುವರೆಗೆ ಹೇಳಿಲ್ಲ. ಈ ಪತ್ರಿಕೆಯು ಆಕೆಯ ಮನೆಗೂ ಹೋಗುತ್ತದೆ, ಓದಿಯೇ ತಿಳಿಯಲಿ. ಹಿತ್ತಲಿನ ಹಾಸುಗಲ್ಲುಗಳಿಗೆ ಈಗ ಪ್ರತಿ ಶನಿವಾರ ಸುಣ್ಣ ಹಾಕಿ ಉಜ್ಜುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.